ಸರ್ವರ್ ಬಂದ್ ಆದ ದಿನ: ಸ್ಮಾರ್ಟ್ ಹೋಮ್ ಆ್ಯಪ್‌ಗಳ ಕತೆ

ಮಲಗಿದ್ದಲ್ಲೇ ಫೋನ್ ಒತ್ತಿ ಲೈಟ್ ಆರಿಸೋದು ಈಗ ದೊಡ್ಡ ವಿಷಯವೇನಲ್ಲ. ಆದ್ರೆ ನೀವು ಕೊಟ್ಟ ಆ ಕಮಾಂಡ್ ನೇರವಾಗಿ ಬಲ್ಬಿಗೆ ಹೋಗುತ್ತಾ, ಅಥವಾ ಎಲ್ಲೋ ದೂರದ ಸರ್ವರ್ ಸುತ್ತಿ ವಾಪಸ್ ಬರುತ್ತಾ? ಇವತ್ತಿನ ಕತೆ ಇದರದ್ದೇ.

1975. ಸ್ಕಾಟ್ಲೆಂಡ್‌ನ ಪಿಕೊ ಎಲೆಕ್ಟ್ರಾನಿಕ್ಸ್ ಕಂಪನಿ ಎಕ್ಸ್10 ಅನ್ನೋ ವ್ಯವಸ್ಥೆ ರೂಪಿಸಿತು. ಮನೆಯ ಕರೆಂಟ್ ವೈರೇ ಅದರ ದಾರಿ. 16 ಮನೆ ಕೋಡ್, ಒಂದೊಂದಕ್ಕೂ 16 ಸಾಧನ ಕೋಡ್, ಒಟ್ಟು 256 ವಿಳಾಸ. ಪಾಸ್‌ವರ್ಡ್ ಅನ್ನೋದೇ ಇರಲಿಲ್ಲ. ಪಕ್ಕದ ಮನೆಯವರೂ ಅದೇ ಕೋಡ್ ಇಟ್ಟುಕೊಂಡಿದ್ರೆ, ಅವರು ಬಟನ್ ಒತ್ತಿದಾಗ ನಿಮ್ಮ ದೀಪ ಹತ್ತಿಕೊಳ್ಳೋ ಸಾಧ್ಯತೆಯೂ ಇತ್ತು! ಆದ್ರೆ ಅದು ಕೆಲಸ ಮಾಡೋಕೆ ಯಾವ ಕಂಪನಿಯ ಸರ್ವರ್ ಕೂಡ ಬೇಕಿರಲಿಲ್ಲ.

ಮುಂದೆ ಸ್ಮಾರ್ಟ್‌ಫೋನ್ ಬಂತು. ಅಮೆರಿಕದ ಬೌಲ್ಡರ್ ನಗರದ ರೆವಾಲ್ವ್ ಕಂಪನಿ ಸುಮಾರು 300 ಡಾಲರ್‌ಗೆ ಒಂದು ಹಬ್ ಮಾರಿತು. ಅದರೊಳಗೆ 7 ರೇಡಿಯೊ. ಬೇರೆ ಬೇರೆ ಕಂಪನಿಗಳ ಬಲ್ಬು, ಬೀಗ ಎಲ್ಲಕ್ಕೂ ಒಂದೇ ಆ್ಯಪ್. 2014ರಲ್ಲಿ ಗೂಗಲ್ ಒಡೆತನದ ನೆಸ್ಟ್ ಈ ರೆವಾಲ್ವ್ ಅನ್ನು ಕೊಂಡುಕೊಂಡಿತು. 2016ರ ಮೇ 15ಕ್ಕೆ ಸೇವೆ ಬಂದ್. ಹಬ್ ಕೆಟ್ಟಿರಲಿಲ್ಲ, ವೈಫೈ ಹೋಗಿರಲಿಲ್ಲ. ಆದ್ರೂ ದುಡ್ಡು ಕೊಟ್ಟು ತಂದ ಪೆಟ್ಟಿಗೆ ಬರೀ ಪೆಟ್ಟಿಗೆಯಾಯ್ತು. ಗ್ರಾಹಕರು ಸಿಟ್ಟಾದ ಮೇಲೆ ನೆಸ್ಟ್ ಹಣ ವಾಪಸ್ ಕೊಡೋಕೆ ಒಪ್ಪಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ವಿಷಯ ಪರಿಶೀಲಿಸಿ, ಕ್ರಮ ಕೈಗೊಳ್ಳದೆ ಮುಗಿಸಿತು.

ಇದಕ್ಕೆ ಬೇರೆ ದಾರಿ ಇರಲಿಲ್ವಾ? ಇತ್ತು. 2013ರಲ್ಲೇ ಪೌಲಸ್ ಸ್ಕೌಟ್ಸೆನ್ ಶುರು ಮಾಡಿದ್ದ ಹೋಮ್ ಅಸಿಸ್ಟೆಂಟ್ ಅನ್ನೋ ಓಪನ್ ಸೋರ್ಸ್ ಸಾಫ್ಟ್‌ವೇರ್ ಮನೆಯೊಳಗಿನ ಪುಟ್ಟ ಕಂಪ್ಯೂಟರ್‌ನಲ್ಲೇ ಓಡುತ್ತೆ. 2022ರ ಅಕ್ಟೋಬರ್‌ನಲ್ಲಿ ಆಪಲ್, ಗೂಗಲ್, ಅಮೆಜಾನ್, ಸ್ಯಾಮ್‌ಸಂಗ್ ಎಲ್ಲ ಸೇರಿ ರೂಪಿಸಿದ ಮ್ಯಾಟರ್ ಮಾನದಂಡದ ಮೊದಲ ಆವೃತ್ತಿ ಬಂತು. ಅದರಲ್ಲೂ ಕಮಾಂಡ್ ಮನೆಯ ನೆಟ್‌ವರ್ಕ್ ಒಳಗೇ ಓಡಾಡಬಹುದು. ಅಂದ್ರೆ ಎಕ್ಸ್10ಗೆ ಇದ್ದ ಆ ಹಳೇ ಗುಣ, ಈ ಸಲ ಭದ್ರತೆಯ ಜೊತೆಗೆ, ವಾಪಸ್ ಬಂತು.

ಹಾಗಾಗಿ ಆ್ಯಪ್ ಬರೆಯೋರಿಗೂ ಕೊಳ್ಳೋರಿಗೂ ಒಂದೇ ಪರೀಕ್ಷೆ. ಫೋನಿನ ಡೇಟಾ ಆಫ್ ಮಾಡಿ. ವೈಫೈ ಆನ್ ಇರಲಿ, ರೌಟರ್‌ಗೆ ಬರೋ ಇಂಟರ್ನೆಟ್ ಕೇಬಲ್ ಮಾತ್ರ ತೆಗೀರಿ. ಈಗ ಬಟನ್ ಒತ್ತಿ. ದೀಪ ಹತ್ತಿದ್ರೆ ಅದು ನಿಮ್ಮ ಮಾತು ಕೇಳ್ತಿದೆ. ಹತ್ತಲಿಲ್ಲ ಅಂದ್ರೆ, ನಿಮ್ಮ ಮನೆಯ ಸ್ವಿಚ್ ಬೇರೆ ಯಾರ ಕೈಯಲ್ಲೋ ಇದೆ.