ಧಣಿ ಬದಲಾದಾಗ ಲೆಕ್ಕದವನು

ಕಳೆದ ಮಳೆಗಾಲದಲ್ಲಿ ಮಾಜಿವಾಡಾದ ನಮ್ಮ ಮನೆಯಲ್ಲಿ ಒಂದು ಹಳೇ ಫ್ರೆಂಚ್ ಸಿನಿಮಾ ನೋಡಿದೆ. ಸಾಶಾ ಗಿಟ್ರಿ 1948ರಲ್ಲಿ ನಿರ್ದೇಶಿಸಿ, ತಾನೇ ನಾಯಕನಾಗಿ ನಟಿಸಿದ ಚಿತ್ರ. ಹೆಸರಿನ ಅರ್ಥ ‘ಕುಂಟ ಸೈತಾನ’. ಕಥೆ ತ್ಯಾಲೆರಾಂ ಎಂಬ ರಾಜತಂತ್ರಜ್ಞನದು. ಹದಿನಾರನೇ ಲೂಯಿಯ ಕಾಲದಲ್ಲಿ ಬಿಷಪ್, ಕ್ರಾಂತಿ ಬಂದಾಗ ಕ್ರಾಂತಿಯ ಕಡೆ, ಆಮೇಲೆ ನೆಪೋಲಿಯನ್ನನ ವಿದೇಶಾಂಗ ಮಂತ್ರಿ, ಅವನು ಬಿದ್ದ ಮೇಲೆ ಮರಳಿ ಬಂದ ರಾಜವಂಶಕ್ಕೂ ಮಂತ್ರಿ!

ಪಕ್ಕದಲ್ಲಿದ್ದ ಮೊಮ್ಮಗ ಕೇಳಿದ: “ಅಜ್ಜ, ಇವನು ಗದ್ದಾರ್ ಅಲ್ವಾ?” ಇಲ್ಲೇ ಹುಟ್ಟಿ ಬೆಳೆದ ಹುಡುಗ, ಕನ್ನಡದ ನಡುವೆ ಹಿಂದಿ ನುಸುಳುತ್ತದೆ. “ನಮ್ಮಲ್ಲೂ ಒಬ್ಬರಿದ್ದರಪ್ಪಾ” ಎಂದು ದಿವಾನ್ ಪೂರ್ಣಯ್ಯನವರ ಕಥೆ ತೆಗೆದೆ.

ವ್ಯಾಪಾರಿಯೊಬ್ಬರಲ್ಲಿ ಲೆಕ್ಕ ಬರೆಯುತ್ತಿದ್ದ ಪೂರ್ಣಯ್ಯ ಹೈದರಾಲಿಯ ಸೇವೆಗೆ ಸೇರಿ ಮೇಲೇರಿದರು. 1782ರ ಡಿಸೆಂಬರಿನಲ್ಲಿ ಹೈದರ್ ದಂಡಿನಲ್ಲೇ ತೀರಿಕೊಂಡಾಗ, ಮಲಬಾರಿನಿಂದ ಟಿಪ್ಪು ಬರುವ ತನಕ ಸಾವಿನ ಸುದ್ದಿ ಗುಟ್ಟಾಗಿಟ್ಟು ಸೈನ್ಯ ಚೆದುರದಂತೆ ನೋಡಿಕೊಂಡವರಲ್ಲಿ ಅವರೂ ಒಬ್ಬರು. 1799ರ ಮೇ 4ರಂದು ಟಿಪ್ಪು ಮಡಿದ. ಜೂನ್ 30ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ದಿವಾನರು ಯಾರು? ಅದೇ ಪೂರ್ಣಯ್ಯ! 1804ರಲ್ಲಿ ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಲ್ಲಿನ ಸೇತುವೆ ಕಟ್ಟಿಸಿದರು. ಅದಕ್ಕೆ ಇಟ್ಟ ಹೆಸರು ವೆಲ್ಲೆಸ್ಲಿಯದು, ಟಿಪ್ಪುವಿನ ಮೇಲೆ ಯುದ್ಧ ಹೂಡಿದ ಗವರ್ನರ್ ಜನರಲ್‌ನದು. 1807ರಲ್ಲಿ ಯಳಂದೂರು ಜಹಗೀರೂ ಬಂತು.

“ಹಾಗಾದ್ರೆ ಪಕ್ಕಾ ಗದ್ದಾರ್” ಎಂದ ಮೊಮ್ಮಗ. ನನಗೆ ಸಿಟ್ಟು ಬಂತು. ತ್ಯಾಲೆರಾಂ 1797ರಲ್ಲಿ ಅಮೆರಿಕದ ದೂತರಿಂದ ಲಂಚ ಕೇಳಿಸಿದವನು, ಪೂರ್ಣಯ್ಯ 1811ರ ತನಕ ರಾಜ್ಯದ ಕಂದಾಯ, ಖಜಾನೆ, ಕೆರೆ-ಕಾಲುವೆ ನೋಡಿಕೊಂಡವರು ಎಂದೆಲ್ಲ ವಾದಿಸಿದೆ.

ಇಷ್ಟು ಸಿಟ್ಟು ಯಾಕೆ? ರಾತ್ರಿ ಯೋಚಿಸಿದಾಗ ಹೊಳೆಯಿತು. 2020ರ ಏಪ್ರಿಲ್ 1ರಂದು, ಲಾಕ್‌ಡೌನಿನ ನಡುವೆ, ನಮ್ಮ ಬ್ಯಾಂಕು ಇನ್ನೊಂದರಲ್ಲಿ ವಿಲೀನವಾಯಿತು. ಊರು ಬಿಟ್ಟು ಬಂದ ನನಗೆ ಅನ್ನ ಕೊಟ್ಟ ಹೆಸರು ಅದು. ಬೋರ್ಡು ಇಳಿಸಿದ ದಿನ ಗಂಟಲು ಕಟ್ಟಿತು. ಆದರೂ ಮರುದಿನ ಹೊಸ ಹೆಸರಿನ ಕೆಳಗೇ ಸಹಿ ಹಾಕಿದೆ. ಪಿಂಚಣಿಗೆ ಬಂದು ನಿಂತ ಮುದುಕಿಗೆ ಬೋರ್ಡಿನ ಚಿಂತೆ ಇರಲಿಲ್ಲ ನೋಡಿ.

ಗಿಟ್ರಿಯನ್ನೂ 1944ರಲ್ಲಿ, ಜರ್ಮನರೊಡನೆ ಸೇರಿದ್ದನೆಂಬ ಆರೋಪದ ಮೇಲೆ ಬಂಧಿಸಿದ್ದರು. ಕೊನೆಗೆ ಕೇಸು ನಿಲ್ಲಲಿಲ್ಲ. ತ್ಯಾಲೆರಾಂ ಪರ ಅವನು ಮಾಡಿದ್ದು ತನ್ನದೇ ವಕಾಲತ್ತು. ಪೂರ್ಣಯ್ಯನವರ ಪರ ನಾನು ಮಾಡಿದ್ದೂ ಅದೇ. ಆದರೆ ನಮ್ಮ ಬ್ಯಾಂಕಿಗಾಗಿ ಯಾರೂ ಪ್ರಾಣ ಕೊಟ್ಟಿರಲಿಲ್ಲ. ಟಿಪ್ಪು ಕೊಟ್ಟಿದ್ದ. ಆ ವ್ಯತ್ಯಾಸ ಯಾವ ಲೆಕ್ಕದಲ್ಲೂ ಸರಿದೂಗುವುದಿಲ್ಲ.

ಮರುದಿನ ಮೊಮ್ಮಗನನ್ನು ಠಾಣೆ ಜೈಲಿನ ಕಡೆ ಕರೆದುಕೊಂಡು ಹೋದೆ. ಅದು ಪೋರ್ಚುಗೀಸರ ಕೋಟೆ. 1737ರಲ್ಲಿ ಮರಾಠರ ಕೈಸೇರಿ, 1774ರಲ್ಲಿ ಇಂಗ್ಲಿಷರದಾಯಿತು. “ಇಲ್ಲೂ ಲೆಕ್ಕ ಬರೆಯುವವನೊಬ್ಬ ಇದ್ದಿರಬೇಕು ಕಣೋ” ಎಂದೆ.

“ಅವನು ಏನು ಮಾಡಿದ ಅಜ್ಜ?”

“ಬೆಳಿಗ್ಗೆ ಬಂದು ಕಡತ ಬಿಚ್ಚಿರಬೇಕು” ಎಂದೆ. ಈ ಸಲ ವಾದ ಮಾಡಲಿಲ್ಲ.