ತಂತಿ ಕಡಿದುಕೊಂಡ ದೂರವಾಣಿ

ಮನೆಯ ಹಳೆಯ ದೂರವಾಣಿಗೆ ಗೋಡೆಯಿಂದ ಬರುತ್ತಿದ್ದ ತಂತಿ ಮಾತನ್ನು ಮಾತ್ರ ಹೊತ್ತು ತರುತ್ತಿರಲಿಲ್ಲ. ಮಾತಿಗೆ ಬೇಕಾದ ವಿದ್ಯುತ್ತೂ ಎಕ್ಸ್‌ಚೇಂಜಿನಿಂದ ಅದರಲ್ಲೇ ಹರಿದು ಬರುತ್ತಿತ್ತು. ಬೀದಿಯೆಲ್ಲ ಕತ್ತಲಾದರೂ ದೂರವಾಣಿ ಜೀವಂತವಾಗಿರುತ್ತಿದ್ದುದು ಇದರಿಂದಲೇ. ಆ ತಂತಿಯನ್ನು ಕಡಿದಾಗ ಅಡಿಗೆಮನೆಯಲ್ಲಿಯೂ ಅಂಗಳದಲ್ಲಿಯೂ ತಿರುಗಾಡುತ್ತ ಮಾತನಾಡುವ ಸ್ವಾತಂತ್ರ್ಯ ದೊರೆಯಿತು. ಅದಕ್ಕೆ ತೆತ್ತ ಬೆಲೆ ಆಮೇಲೆ ಒಂದೊಂದಾಗಿ ತಿಳಿದುಬಂದಿತು.

ತಂತಿಯಿಲ್ಲದ ದೂರವಾಣಿಗೆ 1969ರಲ್ಲಿ ಪೇಟೆಂಟ್ ಪಡೆದವನು ಜಾರ್ಜ್ ಸ್ವೈಗರ್ಟ್ ಎಂಬ ಅಮೆರಿಕದ ಹವ್ಯಾಸಿ ರೇಡಿಯೋಗಾರ. 1980ರ ದಶಕದಲ್ಲಿ ಅದು ಆ ದೇಶದ ಮನೆಮನೆಯನ್ನು ಹೊಕ್ಕಿತು. ಆಗಿನ ಕೆಲವು ಉಪಕರಣಗಳಲ್ಲಿ ಗಂಟೆಯ ಸದ್ದು ಹೊರಡುತ್ತಿದ್ದುದು ಕಿವಿಗಿಡುವ ತುದಿಯಿಂದಲೇ. ಗುಂಡಿಯನ್ನು ಸರಿಸಲು ಮರೆತು ಕಿವಿಗೆ ಹಿಡಿದವರ ಶ್ರವಣಶಕ್ತಿಗೇ ಪೆಟ್ಟುಬಿದ್ದುದನ್ನು ಅಲ್ಲಿನ ವೈದ್ಯರು ದಾಖಲಿಸಿದರು. ಮನೆಯೊಳಗಿನ ಗುಟ್ಟು ನೆರೆಯವರ ರೇಡಿಯೋಗೆ ಸಿಕ್ಕಿಬೀಳುತ್ತಿತ್ತು. 1986ರಲ್ಲಿ ಅಮೆರಿಕ ಮಾಡಿದ ಸಂಪರ್ಕ ಗೌಪ್ಯದ ಕಾನೂನು ಇಂಥ ಮಾತಿಗೆ ರಕ್ಷಣೆಯನ್ನೇ ಕೊಡಲಿಲ್ಲ. ಆ ಕೊರತೆ ತುಂಬಿದುದು 1994ರಲ್ಲಿ. ಈ ಎರಡು ಕೇಡುಗಳೂ ಹೊಸ ಯಂತ್ರಗಳೊಡನೆ ಬಹುಮಟ್ಟಿಗೆ ತೀರಿದುವು. ತೀರದೆ ಉಳಿದುದು ಹಿಡಿಯ ಹಿಂಬದಿಯ ಮುಚ್ಚಳದೊಳಗೆ ಕುಳಿತಿರುವ ಪುಟ್ಟ ಬ್ಯಾಟರಿ.

ಅದರ ವಂಶಾವಳಿ ದೂರವಾಣಿಗಿಂತ ಸ್ವಾರಸ್ಯವಾದುದು. 1817ರಲ್ಲಿ ಜರ್ಮನಿಯ ಸ್ಟ್ರೋಮೆಯರ್ ಸತುವಿನ ಸಂಯುಕ್ತವೊಂದನ್ನು ಪರೀಕ್ಷಿಸುತ್ತಿದ್ದಾಗ ಕ್ಯಾಡ್ಮಿಯಂ ಎಂಬ ಲೋಹವನ್ನು ಕಂಡುಹಿಡಿದನು. 1899ರಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ಅದನ್ನು ನಿಕಲ್ಲಿನೊಡನೆ ಜೋಡಿಸಿ, ಮತ್ತೆ ಮತ್ತೆ ವಿದ್ಯುತ್ ತುಂಬಬಹುದಾದ ಬ್ಯಾಟರಿಯನ್ನು ಮಾಡಿದನು. ತಂತಿ ಕಡಿದುಕೊಂಡ ದೂರವಾಣಿಗೆ ಬಹುಕಾಲ ಅನ್ನ ಹಾಕಿದುದು ಈ ಜೋಡಿಯೇ.

ಕ್ಯಾಡ್ಮಿಯಂ ಎಂಥದೆಂಬುದನ್ನು ಜಪಾನು ಕಲಿತುದು ಬೇರೆಯೇ ದಾರಿಯಿಂದ. ಕಾಮಿಯೋಕಾ ಗಣಿಯ ಹೊಲಸು ಜಿನ್‌ಝೂ ನದಿಗೆ ಸೇರಿ, ಕೆಳಗಿನ ತೊಯಾಮಾ ಪ್ರಾಂತ್ಯದ ಗದ್ದೆಗಳಿಗೆ ಹರಿಯಿತು. ಭತ್ತ ಆ ಲೋಹವನ್ನು ಹೀರಿತು. ಅನ್ನ ಉಂಡವರ ಮೂತ್ರಪಿಂಡ ಕೆಟ್ಟು ಎಲುಬು ಮೆತ್ತಗಾಯಿತು. ಹೆಚ್ಚಾಗಿ ನಡುವಯಸ್ಸು ದಾಟಿದ ಹೆಂಗಸರೇ ಇದಕ್ಕೆ ಬಲಿಯಾದರು. ರೋಗಕ್ಕೆ ಜನ ಇಟ್ಟ ಹೆಸರು ‘ಇತಾಯ್ ಇತಾಯ್’. ಕನ್ನಡದಲ್ಲಿ ಹೇಳುವುದಾದರೆ ‘ಅಯ್ಯೋ ಅಯ್ಯೋ’. ರೋಗಿಯ ನರಳಾಟವೇ ರೋಗದ ಹೆಸರಾದುದು ಭಾಷೆಯನ್ನು ಪಾಠ ಹೇಳುವ ನನ್ನಂಥವನನ್ನೂ ಮೂಕನನ್ನಾಗಿಸುತ್ತದೆ. 1968ರಲ್ಲಿ ಜಪಾನಿನ ಸರಕಾರ ಇದನ್ನು ಮಾಲಿನ್ಯದಿಂದ ಬಂದ ರೋಗವೆಂದು ಒಪ್ಪಿಕೊಂಡಿತು. 1972ರಲ್ಲಿ ಮೇಲಿನ ನ್ಯಾಯಾಲಯವೂ ಸಂತ್ರಸ್ತರ ಪರವಾಗಿ ತೀರ್ಪಿತ್ತಿತು. ಅಲ್ಲಿ ಅಪರಾಧಿ ಗಣಿಯೇ ಹೊರತು ಬ್ಯಾಟರಿಯಲ್ಲ, ನಿಜ. ಆದರೆ ಮಣ್ಣಿಗೆ ಬಿದ್ದ ಲೋಹ ತಾನು ಯಾವ ದಾರಿಯಿಂದ ಬಂದೆನೆಂದು ನೆನಪಿಡುವುದಿಲ್ಲ.

ಸಮಾಧಾನದ ಸಂಗತಿಯೆಂದರೆ ಕ್ಯಾಡ್ಮಿಯಂ ಸುಮಾರು 767 ಡಿಗ್ರಿ ಸೆಲ್ಸಿಯಸ್ಸಿನಲ್ಲಿಯೇ ಕುದಿದು ಆವಿಯಾಗುತ್ತದೆ. ಮುಚ್ಚಿದ ಕುಲುಮೆಯಲ್ಲಿ ಹಳೆಯ ಬ್ಯಾಟರಿಯನ್ನು ಕಾಯಿಸಿ ಆ ಆವಿಯನ್ನು ತಣಿಸಿದರೆ ಲೋಹ ಮರಳಿ ಕೈಗೆ ಬರುತ್ತದೆ. ಉಳಿದ ನಿಕಲ್, ಕಬ್ಬಿಣ ಉಕ್ಕಿನ ಕಾರ್ಖಾನೆಗೆ ಹೋಗುತ್ತವೆ. ಯುಂಗ್ನರನ ನಾಡಾದ ಸ್ವೀಡನ್ನಿನಲ್ಲಿಯೇ ಈ ಕೆಲಸ ಬೆಳೆದುಬಂದುದು ಒಪ್ಪುವ ಮಾತಾಗಿದೆ. ಆದರೆ ಬ್ಯಾಟರಿ ಕುಲುಮೆಯವರೆಗೆ ತಲಪಬೇಕಷ್ಟೆ!

ಯೂರೋಪು 2006ರ ನಿರ್ದೇಶನದಿಂದ ಮನೆಬಳಕೆಯ ಬ್ಯಾಟರಿಗಳಲ್ಲಿ ಕ್ಯಾಡ್ಮಿಯಮ್ಮನ್ನು ಬಹುಮಟ್ಟಿಗೆ ನಿಷೇಧಿಸಿತು. ಈಚಿನ ಉಪಕರಣಗಳಲ್ಲಿ ಹೆಚ್ಚಾಗಿರುವುದು ಕ್ಯಾಡ್ಮಿಯಂ ಇಲ್ಲದ ನಿಕಲ್ ಮೆಟಲ್ ಹೈಡ್ರೈಡ್. ನಮ್ಮಲ್ಲಿ 2001ರ ನಿಯಮಗಳು ಸೀಸದ ಬ್ಯಾಟರಿಯನ್ನಷ್ಟೇ ನೋಡಿದುವು. ಎಲ್ಲ ಬಗೆಯ ಬ್ಯಾಟರಿಗಳೂ ಕಾನೂನಿನ ಕಣ್ಣಿಗೆ ಬಿದ್ದುದು 2022ರಲ್ಲಿ. ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಸಂಸ್ಕರಿಸುವ ಹೊಣೆ ಈಗ ತಯಾರಕರದು. ಮನೆಗಸದೊಡನೆ ಬೆರೆಸದೆ ಬೇರೆಯಾಗಿ ಒಪ್ಪಿಸುವ ಹೊಣೆ ನಮ್ಮದು.

ಕನ್ನಡದಲ್ಲಿ ಬೇಡವಾದ ವಸ್ತುವಿಗೆ ಕಸ, ಗುಜರಿ ಎಂಬ ಎರಡು ಮಾತುಗಳಿವೆ. ಒಂದು ತಿಪ್ಪೆಗೆ, ಇನ್ನೊಂದು ತಕ್ಕಡಿಗೆ. ಈ ಬ್ಯಾಟರಿ ಎರಡಕ್ಕೂ ಸಲ್ಲದು. ನಮ್ಮ ಮನೆಯ ಮೇಜಿನ ಖಾನೆಯಲ್ಲಿಯೂ ಅಂಥ ದೂರವಾಣಿಯೊಂದು ವರ್ಷಗಳಿಂದ ಮಲಗಿತ್ತು. ವಾಚಕರ ಮನೆಯಲ್ಲಿಯೂ ಇದ್ದರೆ ಬ್ಯಾಟರಿಯನ್ನು ತೆಗೆದು, ಅದರ ತುದಿಗಳು ಒಂದಕ್ಕೊಂದು ತಾಗದಂತೆ ಟೇಪು ಸುತ್ತಿ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬೇಕು. ಬಿಳಿಯ ಪುಡಿ ಒಸರಿದ್ದರೆ ಅದು ಕ್ಷಾರ, ಬರಿಗೈಯಿಂದ ಮುಟ್ಟಬಾರದು. ಇನ್ನೂ ಬಳಕೆಯಲ್ಲಿರುವ ದೂರವಾಣಿಗಾದರೆ ಟಾರ್ಚಿಗೆ ಹಾಕುವ ಸಾಮಾನ್ಯ ಸೆಲ್ಲುಗಳನ್ನು ಎಂದೂ ತುಂಬಬಾರದು. ವಿದ್ಯುತ್ ತುಂಬಲು ಹೋದರೆ ಅವು ಸೋರಬಹುದು, ಸಿಡಿಯಲೂಬಹುದು.