ಶಿಫಾರಸಾ, ವಶೀಲಿಯಾ? ಪಿಎಚ್.ಡಿ ಕಾಗದದ ಹಿಂದಿನ ಕಥೆ

 

ಅಕ್ಟೋಬರ್ ಬಂತು ಅಂದ್ರೆ ಸಾಕು, ನನ್ನ ಇನ್‌ಬಾಕ್ಸ್‌ಗೆ ಒಂದೇ ಥರದ ಮೆಸೇಜ್‌ಗಳು ಬರೋಕೆ ಶುರುವಾಗುತ್ತವೆ. "ಹೊರದೇಶದಲ್ಲಿ ಪಿಎಚ್.ಡಿಗೆ ಅಪ್ಲೈ ಮಾಡ್ತಿದ್ದೀನಿ. ಮೂರು ಎಲ್‌ಒಆರ್ ಬೇಕಂತೆ. ಕ್ಲಾಸಲ್ಲಿ ಎಂಬತ್ತು ಜನ ಇದ್ವಿ, ಯಾವ ಸರ್‌ಗೂ ನನ್ನ ಹೆಸರು ನೆನಪಿರಲ್ಲ. ಹೇಗೆ ಕೇಳೋದು?" ಇದು ಸಂಕೋಚದ ಪ್ರಶ್ನೆ ಅಂತ ಮೊದಲು ಅನ್ನಿಸುತ್ತೆ. ಸ್ವಲ್ಪ ಇತಿಹಾಸ ನೋಡಿದ್ರೆ, ಸಂಕೋಚಕ್ಕಿಂತ ದೊಡ್ಡ ವಿಷಯ ಇದರೊಳಗಿದೆ.

ನಮ್ಮ ಭಾಷೆಯಲ್ಲೇ ಒಂದು ತೊಡಕಿದೆ, ಗಮನಿಸಿ. ರೆಕಮೆಂಡೇಶನ್‌ಗೆ ನಾವು ಹೇಳೋದು ಶಿಫಾರಸು ಅಂತ. ಎಂಎಲ್ಎ ಆಫೀಸಿನಿಂದ ತರೋ ಕಾಗದಕ್ಕೂ ಅದೇ ಪದ. ಅದರ ಪಕ್ಕದಲ್ಲೇ ಇನ್ನೊಂದು ಪದ ಕೂತಿದೆ, ವಶೀಲಿ. ಹಾಗಾಗಿ ಓದೋ ಹುಡುಗ ಹುಡುಗಿಯರು ಮೇಷ್ಟ್ರ ಮುಂದೆ ನಿಂತಾಗ, ಏನೋ ಕಳ್ಳದಾರಿ ಕೇಳ್ತಿದ್ದೀವೇನೋ ಅನ್ನೋ ಹಿಂಜರಿಕೆ. ಈ ಎರಡು ಪದಗಳ ನಡುವೆ ಎಷ್ಟು ದೂರ ಇದೆ? ಇವತ್ತಿನ ಸಂಚಿಕೆ ಅದರ ಬಗ್ಗೆ.

ಮೊದಲು ನ್ಯೂಯಾರ್ಕ್‌ಗೆ ಹೋಗೋಣ.

1913ರ ಜುಲೈನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಭಾರತದಿಂದ ಒಬ್ಬ ಯುವಕ ಬರ್ತಾರೆ, ವಯಸ್ಸು 22. ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು ಕೊಟ್ಟ ಸ್ಕಾಲರ್‌ಶಿಪ್, ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷಕ್ಕೆ. ಹೆಸರು ಭೀಮರಾವ್ ಅಂಬೇಡ್ಕರ್. ಅಂದಹಾಗೆ ಆ ಸ್ಕಾಲರ್‌ಶಿಪ್ಪಿನ ಹಿಂದೆಯೂ ಒಬ್ಬ ಮೇಷ್ಟ್ರಿದ್ದಾರೆ. ಕೃಷ್ಣಾಜಿ ಅರ್ಜುನ ಕೇಳೂಸ್ಕರ್. ಮುಂಬೈನಲ್ಲಿ ಹುಡುಗ ಓದೋದನ್ನ ಕಣ್ಣಾರೆ ನೋಡಿ, ಮಹಾರಾಜರಿಗೆ ಪರಿಚಯ ಮಾಡಿಸಿದವರು ಅವರು.

ಕೊಲಂಬಿಯಾದಲ್ಲಿ ಅಂಬೇಡ್ಕರರಿಗೆ ಸಿಕ್ಕ ಅರ್ಥಶಾಸ್ತ್ರದ ಮೇಷ್ಟ್ರು ಎಡ್ವಿನ್ ಸೆಲಿಗ್ಮನ್. ನಾನು ಕಾಮರ್ಸ್ ಓದಿದವಳು, ಇನ್‌ಕಮ್ ಟ್ಯಾಕ್ಸ್ ಪೇಪರ್ ಬರೆದು ಸುಸ್ತಾದವಳು. ಆದ್ರೆ ಹೆಚ್ಚು ದುಡಿಯೋರು ಹೆಚ್ಚು ದರದಲ್ಲಿ ತೆರಿಗೆ ಕಟ್ಟಬೇಕು ಅನ್ನೋ ವಾದವನ್ನ ಅಮೆರಿಕದಲ್ಲಿ ಗಟ್ಟಿಯಾಗಿ ಮಂಡಿಸಿದವರಲ್ಲಿ ಇವರೊಬ್ಬರು ಅಂತ ಯಾವ ಕ್ಲಾಸಲ್ಲೂ ಯಾರೂ ನನಗೆ ಹೇಳಿರಲಿಲ್ಲ.

ಸೆಲಿಗ್ಮನ್ ಅವರ ಮನೆಯ ಕಥೆ ಸ್ವಲ್ಪ ಕೇಳಿ. ಅಪ್ಪ ಜೋಸೆಫ್ ಸೆಲಿಗ್ಮನ್, ದೊಡ್ಡ ಬ್ಯಾಂಕರ್, ಯಹೂದಿ. ಅಮೆರಿಕದ ಅಂತರ್ಯುದ್ಧದ ಸಮಯದಲ್ಲಿ ಲಿಂಕನ್ ಸರ್ಕಾರದ ಬಾಂಡ್‌ಗಳನ್ನ ಯುರೋಪಿನಲ್ಲಿ ಮಾರಿಕೊಟ್ಟ ಮನುಷ್ಯ. ಅಂಥವರು 1877ರಲ್ಲಿ ಸಾರಾಟೋಗಾ ಅನ್ನೋ ಊರಿನ ಗ್ರ್ಯಾಂಡ್ ಯೂನಿಯನ್ ಹೋಟೆಲಿಗೆ ಹೋದಾಗ, ಯಹೂದಿಗಳಿಗೆ ಇಲ್ಲಿ ಜಾಗ ಇಲ್ಲ ಅಂತ ವಾಪಸ್ ಕಳಿಸಿದರು. ದೇಶದ ಪೇಪರ್‌ಗಳಲ್ಲೆಲ್ಲ ಸುದ್ದಿಯಾಯ್ತು. ಮಗ ಎಡ್ವಿನ್‌ಗೆ ಆಗ 16 ವರ್ಷ.

ಈಗ 1917ಕ್ಕೆ ಬನ್ನಿ. ಸ್ಕಾಲರ್‌ಶಿಪ್ ಮುಗಿದು, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಶುರು ಮಾಡಿದ ಓದನ್ನ ಅರ್ಧಕ್ಕೆ ಬಿಟ್ಟು ಅಂಬೇಡ್ಕರ್ ವಾಪಸ್ ಬರ್ತಾರೆ. ಅವರ ಪುಸ್ತಕ, ಕಾಗದಗಳಿದ್ದ ಹಡಗು ಟಾರ್ಪೆಡೋ ಬಿದ್ದು ಮುಳುಗುತ್ತೆ. ಬರೋಡಾದಲ್ಲಿ ಕೆಲಸಕ್ಕೆ ಸೇರಿದ್ರೆ ಉಳಿಯೋಕೆ ಮನೆ ಸಿಗಲ್ಲ. ಒಂದು ಪಾರ್ಸಿ ತಂಗುದಾಣದಲ್ಲಿ ಬೇರೆ ಹೆಸರು ಹೇಳಿ ಉಳಿದಿರ್ತಾರೆ. ಹನ್ನೊಂದನೇ ದಿನ ದೊಣ್ಣೆ ಹಿಡಿದ ಗುಂಪು ಬಂದು ಹೊರಗೆ ಹಾಕುತ್ತೆ. ಕೊಲಂಬಿಯಾದ ಎಂ.ಎ, ಲಂಡನ್ನಿನ ಓದು, ಯಾವುದೂ ಆ ಬಾಗಿಲಲ್ಲಿ ಲೆಕ್ಕಕ್ಕೆ ಬರಲಿಲ್ಲ.

ಅಪ್ಪನನ್ನ ಹೋಟೆಲಿಂದ ವಾಪಸ್ ಕಳಿಸಿದ್ದನ್ನ ಕಂಡ ಮೇಷ್ಟ್ರು. ತಂಗುದಾಣದಿಂದ ಹೊರಗೆ ಬಿದ್ದ ಶಿಷ್ಯ. ಅದಕ್ಕೇ ಇವರು ಅವರಿಗೆ ಸಹಾಯ ಮಾಡಿದರು ಅಂತ ನಾನು ಹೇಳ್ತಿಲ್ಲ, ಅದು ಸಿನಿಮಾ ಆಗಿಬಿಡುತ್ತೆ. ಆದ್ರೆ ಎರಡೂ ನಡೆದದ್ದು ನಿಜ.

ಆಮೇಲೆ ಅಂಬೇಡ್ಕರ್ ಮುಂಬೈನ ಸಿಡೆನಹ್ಯಾಮ್ ಕಾಲೇಜಲ್ಲಿ ಪಾಠ ಮಾಡ್ತಾರೆ. ಹೌದು, ಕಾಮರ್ಸ್ ಕಾಲೇಜು. ಸಂಬಳದಲ್ಲಿ ಉಳಿಸಿ, ಗೆಳೆಯ ನವಲ್ ಭಠೇನಾ ಹತ್ರ ಸಾಲ ಮಾಡಿ, ಕೊಲ್ಹಾಪುರದ ಶಾಹು ಮಹಾರಾಜರಿಂದ ಒಂದಿಷ್ಟು ನೆರವು ಪಡೆದು 1920ರಲ್ಲಿ ಮತ್ತೆ ಲಂಡನ್ನಿಗೆ ಹೊರಡ್ತಾರೆ. ನಮ್ಮ ಕಥೆಯ ಕಾಗದ ಬರೋದು ಇಲ್ಲೇ. ಸೆಲಿಗ್ಮನ್ ಕೊಲಂಬಿಯಾದಿಂದ ಲಂಡನ್ನಿನ ಪ್ರೊಫೆಸರ್ ಹರ್ಬರ್ಟ್ ಫಾಕ್ಸ್‌ವೆಲ್‌ಗೆ ತಮ್ಮ ಶಿಷ್ಯನ ಬಗ್ಗೆ ಶಿಫಾರಸು ಬರೀತಾರೆ.

ಫಾಕ್ಸ್‌ವೆಲ್ ಯಾರು? ಅವರೂ ಅರ್ಥಶಾಸ್ತ್ರಜ್ಞ. ಅರ್ಥಶಾಸ್ತ್ರದ ಹಳೇ ಪುಸ್ತಕ ಕೂಡಿಹಾಕೋ ಹುಚ್ಚು ಸೆಲಿಗ್ಮನ್‌ಗೂ ಇತ್ತು, ಫಾಕ್ಸ್‌ವೆಲ್‌ಗೂ ಇತ್ತು. ಇಬ್ಬರ ಸಂಗ್ರಹವೂ ಆಮೇಲೆ ವಿಶ್ವವಿದ್ಯಾಲಯಗಳ ಲೈಬ್ರರಿ ಸೇರಿದವು. ಶಿಷ್ಯನೂ ಕಮ್ಮಿ ಇಲ್ಲ ಬಿಡಿ, ನ್ಯೂಯಾರ್ಕಲ್ಲಿ ಊಟದ ದುಡ್ಡು ಉಳಿಸಿ ಸುಮಾರು 2000 ಹಳೇ ಪುಸ್ತಕ ಕೊಂಡವರು.

1920ರ ನವೆಂಬರ್‌ನಲ್ಲಿ ಫಾಕ್ಸ್‌ವೆಲ್ ಲಂಡನ್ ಸ್ಕೂಲ್‌ನ ಕಾರ್ಯದರ್ಶಿ ಮಿಸೆಸ್ ಮೇರ್ ಅವರಿಗೆ ಒಂದು ಚೀಟಿ ಬರೀತಾರೆ. ಅದರ ಸಾರ ಇಷ್ಟು: ಇವರು ಆಗಲೇ ಡಾಕ್ಟರೇಟ್ ಮಾಡಿದವರು, ಇಲ್ಲಿಗೆ ಸಂಶೋಧನೆಗೆ ಮಾತ್ರ ಬಂದಿದ್ದಾರೆ, ನಮ್ಮ ಸಂಸ್ಥೆಯವರು ಅಂತ ಹೇಳ್ಕೊಳ್ಳೋಕೆ ಆಗಲ್ಲವಲ್ಲ ಅನ್ನೋ ಬೇಸರ ನನಗಿದೆ, ಆದ್ರೆ ಇವರು ಗೆಲ್ಲೋಕೆ ಇಲ್ಲಿ ಇನ್ನು ಯಾವ ಲೋಕವೂ ಉಳಿದಿಲ್ಲ.

ವಾಸ್ತವವಾಗಿ ಕೊಲಂಬಿಯಾದ ಪಿಎಚ್.ಡಿ ಅಧಿಕೃತವಾಗಿ ಕೈಗೆ ಬಂದದ್ದು 1927ರಲ್ಲಿ, ಪ್ರಬಂಧವನ್ನ ಅಚ್ಚು ಹಾಕಿಸಿ ಪ್ರತಿಗಳನ್ನ ಕೊಟ್ಟ ಮೇಲೆ. ಆ ಪುಸ್ತಕಕ್ಕೆ ಮುನ್ನುಡಿ ಬರೆದವರೂ ಸೆಲಿಗ್ಮನ್ನೇ. ಇನ್ನು ಲಂಡನ್ನಿನಲ್ಲಿ ಗೆಲ್ಲೋಕೆ ಏನೂ ಉಳಿದಿಲ್ಲ ಅಂದ್ರಲ್ಲ, ಅಂಬೇಡ್ಕರ್ ಅಲ್ಲೇ ಹೆಸರು ನೋಂದಾಯಿಸಿ ಮಾಸ್ಟರ್ಸ್ ಮುಗಿಸಿದರು. ರೂಪಾಯಿಯ ಸಮಸ್ಯೆ ಬಗ್ಗೆ ಡಾಕ್ಟರೇಟ್ ಪ್ರಬಂಧ ಬರೆದರು. ಮೊದಲ ಸಲ ಅದು ಪಾಸಾಗಲಿಲ್ಲ. ತಿದ್ದಿ ಮತ್ತೆ ಕೊಟ್ಟರು, 1923ರ ಕೊನೆಗೆ ಪಾಸಾಯ್ತು. ಗೈಡ್ ಎಡ್ವಿನ್ ಕ್ಯಾನನ್ ಅದರ ಮುನ್ನುಡಿಯಲ್ಲಿ, ಕೆಲವು ವಾದಗಳನ್ನ ನಾನು ಒಪ್ಪಲ್ಲ ಅಂತಲೇ ಬರೆದಿದ್ದಾರೆ. ನನಗೆ ಈ ಮುನ್ನುಡಿ ಬಹಳ ಇಷ್ಟ. ಒಪ್ಪದೇ ಇದ್ರೂ ಬೆನ್ನಿಗೆ ನಿಲ್ಲೋ ಗೈಡ್ ಸಿಗೋದು ಎಷ್ಟು ಜನಕ್ಕೆ?

ಇಷ್ಟು ಕೇಳಿದ್ರೆ ಶಿಫಾರಸು ಪತ್ರ ಅಂದ್ರೆ ಬಡವರ ಪಾಲಿನ ಏಣಿ ಅನ್ನಿಸುತ್ತೆ. ತಡೀರಿ. ಅದೇ ಕಾಗದದ ಇನ್ನೊಂದು ಮುಖ ತೋರಿಸ್ತೀನಿ.

1920ರ ದಶಕದ ಹಾರ್ವರ್ಡ್. ಪರೀಕ್ಷೆಯಲ್ಲಿ ಚೆನ್ನಾಗಿ ಅಂಕ ತಗೊಂಡು ಯಹೂದಿ ಹುಡುಗರು ಡಿಗ್ರಿಗೆ ಸೇರ್ತಿದ್ರು. 1922ರ ಹೊತ್ತಿಗೆ ಹೊಸಬರಲ್ಲಿ ಸುಮಾರು ಐವರಲ್ಲಿ ಒಬ್ಬರು. ವಿಶ್ವವಿದ್ಯಾಲಯದ ಅಧ್ಯಕ್ಷ ಲೋವೆಲ್‌ಗೆ ಇದು ಜಾಸ್ತಿ ಅನ್ನಿಸ್ತು. ನೇರವಾಗಿ ಕೋಟಾ ಹಾಕೋಕೆ ಹೋದ್ರು, ಗಲಾಟೆಯಾಯ್ತು. ಆಮೇಲೆ ಬಂದದ್ದು ಮೆತ್ತಗಿನ ದಾರಿ. ಅಂಕ ಮಾತ್ರ ನೋಡಲ್ಲ, 'ನಡತೆ' ನೋಡ್ತೀವಿ. ಫೋಟೋ ಕೊಡಿ. ತಾಯಿಯ ತವರಿನ ಹೆಸರು ಬರೀರಿ. ನೀವಾಗಲೀ ನಿಮ್ಮ ತಂದೆಯಾಗಲೀ ಹೆಸರು ಬದಲಿಸಿಕೊಂಡಿದ್ದೀರಾ? ಜೊತೆಗೆ ನಿಮ್ಮನ್ನ ಬಲ್ಲವರಿಂದ ಪತ್ರ ತನ್ನಿ. ಯೇಲ್, ಪ್ರಿನ್ಸ್‌ಟನ್ ಕೂಡ ಇದೇ ದಾರಿ ಹಿಡಿದವು. ಇವತ್ತು ಎಲ್ಲರೂ ಹೊಗಳೋ 'ಒಟ್ಟಾರೆ ವ್ಯಕ್ತಿತ್ವ ನೋಡೋ' ಅಡ್ಮಿಶನ್ ಪದ್ಧತಿಯ ಬೇರು ಭಾಗಶಃ ಇಲ್ಲಿದೆ. ಅಂಕವನ್ನ ಸುಳ್ಳು ಅನ್ನೋಕಾಗಲ್ಲ. ನಡತೆ ಬಗ್ಗೆ ಏನು ಬೇಕಾದ್ರೂ ಅನ್ನಬಹುದು.

ಪಿಎಚ್.ಡಿ ಮಟ್ಟದಲ್ಲಿ ಇದು ಹೇಗೆ ಕೆಲಸ ಮಾಡ್ತು ಅನ್ನೋದಕ್ಕೆ 1939ರ ಒಂದು ಪತ್ರವ್ಯವಹಾರ ಸಾಕು. ಎಂಐಟಿಯಲ್ಲಿ ಒಬ್ಬ ಹುಡುಗ, ರಿಚರ್ಡ್ ಫೈನ್‌ಮನ್. ಅಲ್ಲೇ ಮುಂದುವರಿಯೋ ಆಸೆ ಅವನಿಗೆ. ಬೇರೆ ಜಾಗ ನೋಡು ಅಂತ ಪ್ರೊಫೆಸರ್ ಸ್ಲೇಟರ್ ಒತ್ತಾಯಿಸ್ತಾರೆ. ಪ್ರಿನ್ಸ್‌ಟನ್‌ಗೆ ಅರ್ಜಿ ಹೋಗುತ್ತೆ. ಪ್ರವೇಶ ಪರೀಕ್ಷೆಯಲ್ಲಿ ಭೌತಶಾಸ್ತ್ರಕ್ಕೆ ಪೂರ್ತಿ ಅಂಕ, ಇತಿಹಾಸ ಮತ್ತು ಇಂಗ್ಲಿಷ್‌ನಲ್ಲಿ ತೀರಾ ಕಡಿಮೆ. ಅಲ್ಲಿನ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥ ಸ್ಮೈತ್, ಎಂಐಟಿಯ ಫಿಲಿಪ್ ಮೋರ್ಸ್‌ಗೆ ಕಾಗದ ಬರೆದು ಕೇಳ್ತಾರೆ, ಈ ಫೈನ್‌ಮನ್ ಯಹೂದಿಯಾ ಅಂತ. ನಮ್ಮಲ್ಲಿ ನಿಯಮ ಅಂತೇನಿಲ್ಲ, ಆದ್ರೆ ಅಂಥವರಿಗೆ ಮುಂದೆ ಕೆಲಸ ಕೊಡಿಸೋದು ಕಷ್ಟ, ಅದಕ್ಕೇ ಸಂಖ್ಯೆ ಕಮ್ಮಿ ಇಟ್ಟುಕೊಳ್ತೀವಿ ಅನ್ನೋ ವಿವರಣೆ ಬೇರೆ.

ಮೋರ್ಸ್ ಏನು ಉತ್ತರ ಕೊಟ್ಟರು ಗೊತ್ತಾ? ಹೌದು, ಯಹೂದಿಯೇ, ಆದ್ರೆ ಮುಖದಲ್ಲಾಗಲೀ ನಡವಳಿಕೆಯಲ್ಲಾಗಲೀ ಅದು ಕಾಣಲ್ಲ ಅಂತ! ಇದು ಸಹಾಯ ಮಾಡೋಕೆ ಹೊರಟವರ ಮಾತು. ಫೈನ್‌ಮನ್‌ಗೆ ಸೀಟು ಸಿಕ್ತು, 1942ರಲ್ಲಿ ಪಿಎಚ್.ಡಿ, 1965ರಲ್ಲಿ ನೊಬೆಲ್. ಬೆನ್ನಿಗೆ ಸ್ಲೇಟರ್, ಮೋರ್ಸ್ ಥರದವರು ಇಲ್ಲದ ಇನ್ನೆಷ್ಟು ಹುಡುಗರ ಬಗ್ಗೆ ಅದೇ ಪ್ರಶ್ನೆ ಹೋಗಿತ್ತೋ.

ನಮ್ಮ ಬೆಂಗಳೂರಲ್ಲಿ ಕಾಗದದ ತನಕವೂ ಹೋಗಬೇಕಾಗಿರಲಿಲ್ಲ. 1933ರಲ್ಲಿ ಬಾಂಬೆ ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ ಮೊದಲ ಸ್ಥಾನ ಪಡೆದ ಕಮಲಾ ಭಾಗವತ್, ಮುಂದೆ ಕಮಲಾ ಸೊಹೊನಿ, ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಅಪ್ಪ, ಅಪ್ಪನ ಸಹೋದರ ಇಬ್ಬರೂ ಅದೇ 'ಟಾಟಾ ಇನ್‌ಸ್ಟಿಟ್ಯೂಟ್'ನಲ್ಲಿ ಓದಿದವರು. ಆದ್ರೂ ನಿರ್ದೇಶಕ ಸಿ.ವಿ. ರಾಮನ್ ಹೆಣ್ಣು ಅನ್ನೋ ಕಾರಣಕ್ಕೆ ಬೇಡ ಅಂದರು. ಆಕೆ ಬಿಡಲಿಲ್ಲ, ವಾದ ಮಾಡಿದರು. ಕೊನೆಗೆ ಒಂದು ವರ್ಷ ಪರೀಕ್ಷಾರ್ಥ, ಗಂಡು ಹುಡುಗರ ಗಮನ ಕೆಡಿಸಬಾರದು ಅನ್ನೋ ಥರದ ಷರತ್ತುಗಳ ಮೇಲೆ ಒಳಗೆ ಬಿಟ್ಟರು. ಅಲ್ಲಿ ಎಂ. ಶ್ರೀನಿವಾಸಯ್ಯ ಅವರ ಕೈಕೆಳಗೆ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನ್ ಬಗ್ಗೆ ಕೆಲಸ ಮಾಡಿ, ಕೇಂಬ್ರಿಡ್ಜ್‌ಗೆ ಹೋಗಿ 1939ರಲ್ಲಿ ಪಿಎಚ್.ಡಿ ಪಡೆದರು. ರಾಮನ್ ಬಗ್ಗೆ ನಮಗೆ ಹೆಮ್ಮೆ ಇದೆ. ಹಾಗಂತ ಈ ಪುಟ ಹರಿದು ಹಾಕೋಕಾಗಲ್ಲ.

ಹೆಣ್ಣುಮಕ್ಕಳ ವಿಷಯ ಒಳಗೆ ಬಿಟ್ಟ ಮೇಲೂ ಮುಗಿಯಲ್ಲ. 2003ರಲ್ಲಿ ಟ್ರಿಕ್ಸ್ ಮತ್ತು ಸೆಂಕಾ ಅನ್ನೋ ಇಬ್ಬರು ಸಂಶೋಧಕಿಯರು ಅಮೆರಿಕದ ಒಂದು ಮೆಡಿಕಲ್ ಕಾಲೇಜಿಗೆ ಬಂದಿದ್ದ 300ಕ್ಕೂ ಹೆಚ್ಚು ಶಿಫಾರಸು ಪತ್ರಗಳನ್ನ ಓದಿದರು. ಹೆಂಗಸರ ಬಗೆಗಿನ ಪತ್ರಗಳು ಗಿಡ್ಡ, ಅನುಮಾನ ಹುಟ್ಟಿಸೋ ಸಾಲುಗಳು ಅವುಗಳಲ್ಲೇ ಜಾಸ್ತಿ. ಗಂಡಸರ ಬಗ್ಗೆ 'ಅವರ ಸಂಶೋಧನೆ', ಹೆಂಗಸರ ಬಗ್ಗೆ 'ಅವರ ಪಾಠ'. ಬರೆದವರಿಗೆ ಇದು ಗೊತ್ತೇ ಆಗಿರಲಿಕ್ಕಿಲ್ಲ.

ಈಗ ನಿಮ್ಮ ಅಪ್ಲಿಕೇಶನ್ ಪೋರ್ಟಲ್ ತೆಗೀರಿ. ಅಮೆರಿಕದ್ದಾದ್ರೆ ಅಲ್ಲೊಂದು ಟಿಕ್ ಬಾಕ್ಸ್ ಇರುತ್ತೆ, 'ಈ ಪತ್ರ ನೋಡೋ ಹಕ್ಕನ್ನ ಬಿಟ್ಟುಕೊಡ್ತೀನಿ' ಅಂತ. ಬಹಳ ಜನ ಕಣ್ಣುಮುಚ್ಚಿ ಒತ್ತಿಬಿಡ್ತಾರೆ. ಅದು ಹುಟ್ಟಿದ್ದು 1974ರ ಒಂದು ಕಾನೂನಿನಿಂದ. ಸಂಸ್ಥೆಗಳು ತಮ್ಮ ಬಗ್ಗೆ ಇಟ್ಟಿರೋ ಕಡತ ನೋಡೋ ಹಕ್ಕನ್ನ ಅಲ್ಲಿನ ವಿದ್ಯಾರ್ಥಿಗಳಿಗೆ ಆ ಕಾನೂನು ಕೊಡ್ತು. ಬೇಕಿದ್ರೆ ಶಿಫಾರಸು ಪತ್ರದ ಮಟ್ಟಿಗೆ ಅದನ್ನ ಬಿಟ್ಟುಕೊಡಬಹುದು ಅಂತಲೂ ಹೇಳ್ತು. ಬಿಟ್ಟುಕೊಡದಿದ್ರೆ ಓದೋರು ಪತ್ರವನ್ನ ಅಷ್ಟಾಗಿ ನಂಬಲ್ಲ ಅಂತ ಎಲ್ಲರೂ ಟಿಕ್ ಮಾಡ್ತಾರೆ. ನನ್ನ ಸಲಹೆಯೂ ಟಿಕ್ ಮಾಡಿ ಅಂತಲೇ. ಆದ್ರೆ ಏನು ಬಿಟ್ಟುಕೊಡ್ತಿದ್ದೀವಿ ಅಂತ ಗೊತ್ತಿದ್ದು ಮಾಡಿ.

ನಮ್ಮ ಕಡೆ ಸಮಸ್ಯೆ ಉಲ್ಟಾ. ಇಲ್ಲಿ ಪತ್ರ ಗುಟ್ಟೇ ಅಲ್ಲ, ನಾವೇ ಬರೀತೀವಿ! "ನೀನೇ ಟೈಪ್ ಮಾಡ್ಕೊಂಡು ಬಾರಪ್ಪ, ಸೈನ್ ಹಾಕ್ತೀನಿ." ಮೇಷ್ಟ್ರನ್ನ ಬೈಯಲ್ಲ ನಾನು, ಅವರಿಗೆ ವ್ಯಾಲ್ಯುಯೇಶನ್ ಇದೆ, ನ್ಯಾಕ್ ಫೈಲ್ ಇದೆ, ಎಂಬತ್ತು ಜನ ಇದ್ದಾರೆ. ಆದ್ರೆ ಹಲವು ವಿಶ್ವವಿದ್ಯಾಲಯಗಳು ಇದನ್ನ ನಿಯಮದಲ್ಲೇ ನಿಷೇಧಿಸಿವೆ. ಮೇಲಾಗಿ ಮೂರು ಪತ್ರವೂ ಒಂದೇ ಧಾಟಿಯಲ್ಲಿದ್ರೆ ಓದೋರಿಗೆ ಗೊತ್ತಾಗದೇ ಇರುತ್ತಾ? ಪೋರ್ಟಲ್‌ನಲ್ಲಿ ಎಷ್ಟೋ ಕಡೆ, ನೀವು ಪಾಠ ಮಾಡಿದವರಲ್ಲಿ ಈ ವಿದ್ಯಾರ್ಥಿ ಮೇಲಿನ ಎಷ್ಟು ಪರ್ಸೆಂಟ್ ಒಳಗೆ ಬರ್ತಾರೆ ಅಂತ ಕೇಳ್ತಾರೆ. ಅದನ್ನ ಹತ್ತಾರು ಬ್ಯಾಚ್ ನೋಡಿದವರು ಹೇಳಬೇಕು, ನಾವು ಹೇಳೋಕಾಗಲ್ಲ.

ಹಾಗಾದ್ರೆ ಹೇಗೆ ಕೇಳೋದು? ಡೆಡ್‌ಲೈನ್ ಡಿಸೆಂಬರ್‌ನಲ್ಲಿದ್ರೆ ಅಕ್ಟೋಬರ್ ಕೊನೆಯೊಳಗೆ ಹೋಗಿ, ಆದಷ್ಟು ಎದುರಿಗೆ. ವಿಸಿ, ಡೀನ್ ಅಂತ ದೊಡ್ಡ ಹೆಸರಿನ ಹಿಂದೆ ಓಡಬೇಡಿ, ನಿಮ್ಮ ಪ್ರಾಜೆಕ್ಟ್ ತಿದ್ದಿದ ಗೆಸ್ಟ್ ಲೆಕ್ಚರರ್ ಆದ್ರೂ ಅವರ ಪತ್ರಕ್ಕೆ ಜೀವ ಇರುತ್ತೆ. ಕೇಳೋ ಮಾತು ಹೀಗಿರಲಿ: "ಮೇಡಂ, ನನ್ನ ಕೆಲಸದ ಬಗ್ಗೆ ವಿವರವಾಗಿ ಬರೆಯೋಷ್ಟು ನಿಮಗೆ ನೆನಪಿದೆಯಾ? ಇಲ್ಲದಿದ್ರೆ ಪರವಾಗಿಲ್ಲ, ಬೇರೆಯವರನ್ನ ಕೇಳ್ತೀನಿ." ಇಲ್ಲ ಅನ್ನೋಕೆ ದಾರಿ ಬಿಟ್ಟುಕೊಡಿ. ಅರೆಮನಸ್ಸಿನ ಎರಡು ಸಾಲಿನ ಪತ್ರಕ್ಕಿಂತ ನೇರವಾದ 'ಇಲ್ಲಮ್ಮ' ವಾಸಿ.

ನೀನೇ ಬರ್ಕೊಂಡು ಬಾ ಅಂದ್ರೆ, ಪತ್ರದ ಬದಲು ಒಂದು ಪುಟದ ಟಿಪ್ಪಣಿ ಕೊಡಿ. ಯಾವ ವರ್ಷ, ಯಾವ ಪೇಪರ್, ಸೆಮಿನಾರಿನಲ್ಲಿ ಏನು ಮಾತಾಡಿದ್ರಿ, ಪ್ರಾಜೆಕ್ಟಲ್ಲಿ ಎಲ್ಲಿ ಸಿಕ್ಕಿಹಾಕ್ಕೊಂಡ್ರಿ, ಹೇಗೆ ಬಿಡಿಸಿಕೊಂಡ್ರಿ. ಜೊತೆಗೆ ಮಾರ್ಕ್ಸ್ ಕಾರ್ಡು, ಸಿವಿ, ಯಾಕೆ ಆ ವಿಷಯ ಓದಬೇಕು ಅಂತ ನೀವು ಬರೆದದ್ದು. ಆ ಪುಟ ಮುಂದಿದ್ರೆ ಮೇಷ್ಟ್ರು ತಮ್ಮ ಮಾತಲ್ಲಿ ಬರೀತಾರೆ. ಪೋರ್ಟಲ್‌ನಿಂದ ಅವರಿಗೆ ಬರೋ ಲಿಂಕ್ ಸ್ಪ್ಯಾಮ್‌ಗೆ ಹೋಗಿದೆಯಾ ಅಂತ ವಾರ ಮುಂಚೆ ಒಂದು ಸಲ ವಿಚಾರಿಸಿ. ದಿನಾ ವಾಟ್ಸ್ಆ್ಯಪ್ ಮಾಡಬೇಡಿ ದಯವಿಟ್ಟು.

ಇನ್ನೂ ಮೊದಲ ವರ್ಷದ ಎಂ.ಎ, ಎಂ.ಎಸ್ಸಿ, ಎಂ.ಕಾಂನಲ್ಲಿ ಇರೋರಿಗೆ ಒಂದು ಮಾತು. ಈ ಸೆಮಿಸ್ಟರ್‌ನಲ್ಲೇ ಒಬ್ಬ ಮೇಷ್ಟ್ರಿಗೆ, ಸಿಲಬಸ್ ಆಚೆಗಿನ ಒಂದು ಪ್ರಶ್ನೆ ಹಿಡ್ಕೊಂಡು ಹೋಗಿ. ಎರಡು ವರ್ಷ ಬಿಟ್ಟು ಅವರು ಬರೆಯೋಕೆ ಏನಾದ್ರೂ ಇರಬೇಕಲ್ಲ.

ಇವತ್ತಿಗೆ ಇಷ್ಟು. ನಿಮ್ಮ ಕಾಲೇಜಲ್ಲಿ ಎಲ್‌ಒಆರ್ ಕಥೆ ಹೇಗಿದೆ, ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.